ಡಿಜಿಟಲ್ ಸರ್ಟಿಫಿಕೇಟ್ ಕೈಗೆ ಬಂದಾಗ: ಯಾರು ಕೊಟ್ಟರು, ಯಾರ ಬಗ್ಗೆ, ಯಾರು ನೋಡುತ್ತಾರೆ

ಕೆಲಸಕ್ಕೆ ಅರ್ಜಿ ಹಾಕಿದವರ ಸರ್ಟಿಫಿಕೇಟ್ ಅಸಲಿಯೋ ನಕಲಿಯೋ ಎಂದು ನೋಡುವುದು ನನ್ನ ಕೆಲಸ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಅಂತಾರಲ್ಲ, ಅದು. ಮೊದಲೆಲ್ಲ ಸ್ಕ್ಯಾನ್ ಮಾಡಿದ ಅಂಕಪಟ್ಟಿ, ಅರ್ಧ ಮೂಡಿದ ಸೀಲು, ಯಾರೂ ಎತ್ತದ ಫೋನ್ ನಂಬರು, ಇವುಗಳ ಜೊತೆಗೇ ದಿನ ಕಳೆಯುತ್ತಿತ್ತು. ಈಗ ಅರ್ಜಿಯ ಜೊತೆ ಒಂದು ಕ್ಯೂಆರ್ ಕೋಡ್ ಅಥವಾ ಒಂದು ಜೆಸನ್ ಫೈಲ್ (ಕಂಪ್ಯೂಟರ್ ಓದಲೆಂದು ಬರೆದ ಪಠ್ಯ) ಬರುವುದು ಜಾಸ್ತಿಯಾಗಿದೆ. ಇಂಥ ಡಿಜಿಟಲ್ ದಾಖಲೆಗೆ ಎಲ್‌ಇಆರ್ ಎನ್ನುತ್ತಾರೆ. ತಮಾಷೆ ಎಂದರೆ, ಅದನ್ನು ಕಳಿಸಿದವರಿಗೇ ಅದರೊಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ಅಂಥವರಿಗೆ ಫೋನಿನಲ್ಲಿ ನಾನು ಏನು ವಿವರಿಸುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಪರೀಕ್ಷಿಸುವ ವಿಷಯ ಬೇರೆ, ಮನುಷ್ಯ ನಂಬುವ ವಿಷಯ ಬೇರೆ. ಸಹಿ ಸರಿಯಿದೆಯಾ ಎಂದು ಕಂಪ್ಯೂಟರ್ ಹೇಳುತ್ತದೆ. ಸಹಿ ಹಾಕಿದವರ ಮಾತಿಗೆ ಬೆಲೆ ಇದೆಯಾ ಎಂದು ಅದು ಹೇಳುವುದಿಲ್ಲ. ಕೆಳಗೆ ಬರುವ ಪ್ರತಿ ಪಾತ್ರವನ್ನೂ ಪ್ರತಿ ಪದವನ್ನೂ ಈ ಎರಡರಲ್ಲಿ ಯಾವ ಕಡೆಗೆ ಸೇರುತ್ತದೆ ಎಂದು ನೋಡಿಕೊಂಡು ಓದಿ.

ಏನಿದು ಎಲ್‌ಇಆರ್?

ಲರ್ನಿಂಗ್ ಆ್ಯಂಡ್ ಎಂಪ್ಲಾಯ್‌ಮೆಂಟ್ ರೆಕಾರ್ಡ್ ಎಂಬುದರ ಚಿಕ್ಕ ರೂಪ. ನೀವು ಕಲಿತದ್ದು, ಪಾಸಾದದ್ದು, ಪಡೆದ ಲೈಸೆನ್ಸು, ಮಾಡಿದ ಕೆಲಸ, ಇವೆಲ್ಲ ಕಂಪ್ಯೂಟರ್ ಓದಬಲ್ಲ ರೂಪದಲ್ಲಿ, ಕೊಟ್ಟವರ ಡಿಜಿಟಲ್ ಸಹಿಯ ಜೊತೆ ಇರುವ ದಾಖಲೆ. ಅಮೆರಿಕದಲ್ಲಿ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ಅಮೆರಿಕನ್ ವರ್ಕ್‌ಫೋರ್ಸ್ ಪಾಲಿಸಿ ಅಡ್ವೈಸರಿ ಬೋರ್ಡ್ 2019ರಲ್ಲಿ ಇದನ್ನು ಬರೀ ಕಲಿಕೆಯ ದಾಖಲೆ ಎಂದೇ ಕರೆದಿತ್ತು. 2020ರ ವರದಿಯಲ್ಲಿ ಉದ್ಯೋಗವೂ ಹೆಸರಿಗೆ ಸೇರಿತು. ನನ್ನಂಥವರಿಗೆ ಅದು ದೊಡ್ಡ ವಿಷಯ. ಏಕೆಂದರೆ ಅರ್ಜಿಗಳಲ್ಲಿ ಸುಳ್ಳು ಹೆಚ್ಚಾಗಿ ಕಾಣುವುದು ಡಿಗ್ರಿಯಲ್ಲಲ್ಲ, ಹಿಂದಿನ ಕೆಲಸದ ಹುದ್ದೆಯಲ್ಲಿ ಮತ್ತು ತಾರೀಖಿನಲ್ಲಿ.

ಪಿಡಿಎಫ್ ಎಲ್‌ಇಆರ್ ಅಲ್ಲ. ಅಂಕಪಟ್ಟಿಯ ಫೋಟೋ ಅಂತೂ ಅಲ್ಲವೇ ಅಲ್ಲ.

ನಾಲ್ಕು ಪಾತ್ರಗಳು

ವೆಬ್ಬಿನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2019ರ ನವೆಂಬರಿನಲ್ಲಿ ವೆರಿಫೈಯಬಲ್ ಕ್ರೆಡೆನ್ಷಿಯಲ್ (ಪರೀಕ್ಷಿಸಿ ನೋಡಬಲ್ಲ ದಾಖಲೆ) ಎಂಬ ಮಾದರಿಯನ್ನು ಹೊರತಂದಿತು. 2025ರ ಮೇ ತಿಂಗಳಲ್ಲಿ ಅದರ 2.0 ಆವೃತ್ತಿ ಬಂತು. ಇವತ್ತು ನಿಮಗೆ ಸಿಗುವ ಹಲವು ಎಲ್‌ಇಆರ್‌ಗಳು ಇದರ ಮೇಲೆಯೇ ನಿಂತಿವೆ. ಪಾತ್ರಗಳ ಹೆಸರು ಬಂದದ್ದೂ ಇಲ್ಲಿಂದಲೇ.

ಇಶ್ಯೂಯರ್ ಎಂದರೆ ದಾಖಲೆ ಕೊಡುವವರು. ಕಾಲೇಜು, ತರಬೇತಿ ಸಂಸ್ಥೆ, ಲೈಸೆನ್ಸ್ ಮಂಡಳಿ, ಹಳೆಯ ಕಂಪನಿ, ಯಾರಾದರೂ ಆಗಬಹುದು. ನೀವೇ ನಿಮಗೆ ಒಂದು ಕೊಟ್ಟುಕೊಂಡರೂ ತಾಂತ್ರಿಕವಾಗಿ ತಪ್ಪಿಲ್ಲ. ಆಗ ಅದು ಸ್ವಂತ ಹೇಳಿಕೆ, ಅಷ್ಟೇ.

ಸಬ್ಜೆಕ್ಟ್ ಎಂದರೆ ದಾಖಲೆ ಯಾರ ಬಗ್ಗೆ ಮಾತಾಡುತ್ತದೋ ಅವರು. ಹೋಲ್ಡರ್ ಎಂದರೆ ದಾಖಲೆ ಯಾರ ಕೈಯಲ್ಲಿದೆಯೋ ಅವರು. ಇಬ್ಬರೂ ಒಬ್ಬರೇ ತಾನೇ ಎಂದು ಎಲ್ಲರೂ ಕೇಳುತ್ತಾರೆ. ಸಾಮಾನ್ಯವಾಗಿ ಹೌದು. ಆದರೆ ಹೈಸ್ಕೂಲು ಹುಡುಗಿಯ ದಾಖಲೆಯನ್ನು ಅವಳ ಅಮ್ಮ ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದರೆ ಸಬ್ಜೆಕ್ಟ್ ಮಗಳು, ಹೋಲ್ಡರ್ ಅಮ್ಮ. ನರ್ಸ್‌ಗಳನ್ನು ಆಸ್ಪತ್ರೆಗಳಿಗೆ ಕಳಿಸುವ ಏಜೆನ್ಸಿಯವರು ನರ್ಸ್‌ಗಳ ದಾಖಲೆಗಳನ್ನು ತಾವೇ ಇಟ್ಟುಕೊಂಡು ತಾವೇ ಕಳಿಸುತ್ತಿದ್ದರೆ, ಹೋಲ್ಡರ್ ಏಜೆನ್ಸಿ. ನನ್ನ ಕೈಗೆ ಫೈಲ್ ಬಂದಾಗ ಈ ವ್ಯತ್ಯಾಸ ತುಂಬಾ ಮುಖ್ಯ. "ಈ ವ್ಯಕ್ತಿ ಪಾಸಾಗಿದ್ದಾರೆ" ಎಂಬುದು ಒಂದು ಪ್ರಶ್ನೆ. "ನನ್ನ ಮುಂದೆ ಕೂತಿರುವವರು ಆ ವ್ಯಕ್ತಿಯೇ" ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಶ್ಯೂಯರ್ ಹಾಕಿದ ಸಹಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅದು ಸಾಲದು.

ಕೊನೆಯವರು ವೆರಿಫೈಯರ್. ನಾನು. ದಾಖಲೆ ಪಡೆದು ಪರೀಕ್ಷಿಸುವವರು.

ಈ ನಾಲ್ವರ ನಡುವೆ ಒಂದು ರಿಜಿಸ್ಟ್ರಿಯೂ ಇರುತ್ತದೆ. ಅದರಲ್ಲಿ ಇಶ್ಯೂಯರ್‌ಗಳ ಗುರುತು, ಸಹಿ ಪರೀಕ್ಷಿಸಲು ಬೇಕಾದ ಪಬ್ಲಿಕ್ ಕೀ (ಎಲ್ಲರಿಗೂ ತೆರೆದಿಟ್ಟ ಉದ್ದನೆಯ ಸಂಕೇತ) ಇಂಥವು ಸಿಗುತ್ತವೆ. ನಿಮ್ಮ ಅಂಕ ಅಲ್ಲಿರುವುದಿಲ್ಲ, ಇರಬಾರದು. ಅದಕ್ಕೆ ಬ್ಲಾಕ್‌ಚೈನ್, ಅಂದರೆ ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಟುಕೊಳ್ಳುವ ತಿದ್ದಲಾಗದ ಲೆಕ್ಕಪುಸ್ತಕ, ಇದ್ದೇ ಇರಬೇಕು ಎಂದೇನಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2017ರಲ್ಲಿ 111 ಪದವೀಧರರಿಗೆ ಬ್ಲಾಕ್‌ಚೈನ್ ಬಳಸಿ ಡಿಜಿಟಲ್ ಡಿಪ್ಲೊಮಾ ಕೊಟ್ಟು ನೋಡಿತ್ತು. ಅದು ಸುದ್ದಿಯಾದ ಮೇಲೆ ಜನ ಡಿಜಿಟಲ್ ಸರ್ಟಿಫಿಕೇಟನ್ನೂ ಬ್ಲಾಕ್‌ಚೈನನ್ನೂ ಒಂದೇ ಅಂದುಕೊಂಡುಬಿಟ್ಟರು. ಈಗ ಎಷ್ಟೋ ಕಡೆ ಸಂಸ್ಥೆಯ ಸ್ವಂತ ವೆಬ್‌ಸೈಟೇ ರಿಜಿಸ್ಟ್ರಿಯ ಕೆಲಸ ಮಾಡುತ್ತದೆ.

ಪಾತ್ರಧಾರಿಗಳ ಪಟ್ಟಿಯಲ್ಲಿ ಕಾಣದವರು

ನನಗೆ ನಿಜಕ್ಕೂ ತಲೆನೋವು ತರುವವರು ಈ ನಾಲ್ವರಲ್ಲ. ನಡುವೆ ನಿಂತಿರುವವರು. ಹೆಚ್ಚಿನ ತರಬೇತಿ ಸಂಸ್ಥೆಗಳು ಬ್ಯಾಡ್ಜುಗಳನ್ನು (ಒಂದು ಸಾಧನೆಗೆ ಕೊಡುವ ಚಿತ್ರರೂಪದ ಡಿಜಿಟಲ್ ಸರ್ಟಿಫಿಕೇಟ್) ತಾವೇ ತಯಾರಿಸುವುದಿಲ್ಲ, ಯಾವುದೋ ಸಾಫ್ಟ್‌ವೇರ್ ಕಂಪನಿಯ ವೇದಿಕೆ ಬಳಸುತ್ತವೆ. ಬ್ಯಾಡ್ಜಿನ ಪುಟ ತೆರೆದರೆ ಮೇಲೆ ಆ ವೇದಿಕೆಯ ಲೋಗೋ ದೊಡ್ಡದಾಗಿ, ಸಂಸ್ಥೆಯ ಹೆಸರು ಚಿಕ್ಕದಾಗಿ. ಅಭ್ಯರ್ಥಿಗಳು ರೆಸ್ಯೂಮೆಯಲ್ಲಿ ವೇದಿಕೆಯ ಹೆಸರನ್ನೇ ಬರೆದುಬಿಡುತ್ತಾರೆ. ವೇದಿಕೆಯವರು ನಿಮಗೆ ಏನನ್ನೂ ಕಲಿಸಿಲ್ಲ, ಪರೀಕ್ಷೆ ಮಾಡಿಲ್ಲ. ಅವರು ಇಶ್ಯೂಯರ್ ಅಲ್ಲ.

ಆದರೆ ಸಹಿ ಹಾಕುವ ಗುಟ್ಟಿನ ಕೀ, ಅಂದರೆ ಪ್ರೈವೇಟ್ ಕೀ, ಯಾರ ಬಳಿ ಇದೆ? ಕೆಲವೊಮ್ಮೆ ಸಂಸ್ಥೆಯ ಪರವಾಗಿ ವೇದಿಕೆಯವರೇ ಕೀ ಇಟ್ಟುಕೊಂಡಿರುತ್ತಾರೆ. ಅದರಲ್ಲಿ ತಪ್ಪಿಲ್ಲ, ಆದರೆ ಗೊತ್ತಿರಬೇಕು. ಸಂಸ್ಥೆ ಆ ವೇದಿಕೆಗೆ ದುಡ್ಡು ಕಟ್ಟುವುದು ನಿಲ್ಲಿಸಿದರೆ ಹಳೆಯ ಬ್ಯಾಡ್ಜುಗಳ ಗತಿ ಏನು ಎಂದು ಕೋರ್ಸಿಗೆ ಸೇರುವಾಗಲೇ ಕೇಳಿ. ಉತ್ತರ ತಡವರಿಸಿಕೊಂಡು ಬಂದರೆ ಫೈಲನ್ನು ಸಿಕ್ಕ ದಿನವೇ ಇಳಿಸಿಕೊಳ್ಳಿ.

ಇನ್ನೊಬ್ಬರು ಎಂಡಾರ್ಸರ್. ಇಶ್ಯೂಯರ್ ಬಗ್ಗೆಯೋ, ಒಂದು ಬ್ಯಾಡ್ಜಿನ ಬಗ್ಗೆಯೋ "ಇದಕ್ಕೆ ನಮ್ಮ ಒಪ್ಪಿಗೆ ಇದೆ" ಎಂದು ಸಹಿ ಹಾಕುವ ಮೂರನೆಯವರು. ವೃತ್ತಿ ಸಂಘವೋ ದೊಡ್ಡ ಕಂಪನಿಯೋ ಹಾಗೆ ಬೆಂಬಲಿಸಿದ್ದರೆ ನನಗೆ ಅದು ಪರೀಕ್ಷಾ ಪುಟ ತೋರಿಸುವ ಹಸಿರು ಟಿಕ್‌ಗಿಂತ ಹೆಚ್ಚು ತೂಕದ್ದು. ಟ್ರಸ್ಟ್ ರಿಜಿಸ್ಟ್ರಿ ಎಂಬ ಮಾತೂ ಕಿವಿಗೆ ಬೀಳಬಹುದು. ಯಾವ ಇಶ್ಯೂಯರ್‌ಗೆ ಯಾವ ದಾಖಲೆ ಕೊಡುವ ಅಧಿಕಾರವಿದೆ ಎಂದು ಯಾರೋ ಜವಾಬ್ದಾರಿ ಹೊತ್ತು ಇಟ್ಟಿರುವ ಪಟ್ಟಿ ಅದು. ಪಟ್ಟಿ ಇಟ್ಟವರು ಯಾರು ಎಂಬುದನ್ನೂ ನೋಡಬೇಕು, ಬಿಡಿ.

ಬ್ಯಾಡ್ಜ್, ಕ್ರೆಡೆನ್ಷಿಯಲ್, ಸಿಎಲ್‌ಆರ್

ಒಂದು ವಾಕ್ಯದಷ್ಟು ಹೇಳಿಕೆ ಕ್ಲೇಮ್. "ಈಕೆ ಆರ್ಕ್ ವೆಲ್ಡಿಂಗ್ ಪರೀಕ್ಷೆ ಪಾಸಾಗಿದ್ದಾರೆ" ಎಂಬುದು ಕ್ಲೇಮ್. ಅಂಥ ಒಂದೋ ಹಲವೋ ಕ್ಲೇಮ್‌ಗಳನ್ನು ಒಟ್ಟಿಗೆ ಇಟ್ಟು ಸಹಿ ಹಾಕಿದರೆ ಕ್ರೆಡೆನ್ಷಿಯಲ್.

ಓಪನ್ ಬ್ಯಾಡ್ಜ್ ಎಂಬುದು ಕಲಿಕೆಗೆಂದೇ ಹುಟ್ಟಿದ ಮಾದರಿ. 2011ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಮೊಝಿಲ್ಲಾ ಶುರು ಮಾಡಿತು. 2017ರಲ್ಲಿ ಶಿಕ್ಷಣ ತಂತ್ರಜ್ಞಾನದ ಮಾದರಿಗಳನ್ನು ರೂಪಿಸುವ ಐಎಂಎಸ್ ಗ್ಲೋಬಲ್ ವಹಿಸಿಕೊಂಡಿತು. ಆ ಸಂಸ್ಥೆಯ ಈಗಿನ ಹೆಸರು 1ಎಡ್‌ಟೆಕ್. ನಿಮ್ಮ ಹಳೆಯ ಬ್ಯಾಡ್ಜ್ 2.0 ಆವೃತ್ತಿಯದ್ದಾದರೆ ಅದರ ವಿವರ ಪಿಎನ್‌ಜಿ ಅಥವಾ ಎಸ್‌ವಿಜಿ ಚಿತ್ರದೊಳಗೇ ಅಡಗಿರಬಹುದು. ಆ ಚಿತ್ರವನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರ ಹೋಗುತ್ತದೆ, ಒಳಗಿನ ವಿವರ ಹೋಗುವುದಿಲ್ಲ. ಇನ್ನೊಂದು ತೊಂದರೆ: 2.0ದಲ್ಲಿ ನಿಮ್ಮ ಗುರುತು ಸಾಮಾನ್ಯವಾಗಿ ನಿಮ್ಮ ಇಮೇಲ್. ಆಫೀಸಿನ ಇಮೇಲ್ ಕೊಟ್ಟು ಬ್ಯಾಡ್ಜ್ ಪಡೆದು, ಆಮೇಲೆ ಆ ಆಫೀಸು ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬ್ಯಾಡ್ಜ್ ತಮ್ಮದೇ ಎಂದು ತೋರಿಸಲು ಅವರ ಹತ್ತಿರ ದಾರಿಯೇ ಇರುವುದಿಲ್ಲ. ಸ್ವಂತ ಇಮೇಲ್ ಕೊಡಿ, ಯಾವಾಗಲೂ.

2024ರಲ್ಲಿ ಅಂತಿಮ ರೂಪ ಪಡೆದ ಓಪನ್ ಬ್ಯಾಡ್ಜ್ 3.0 ಆ ವೆರಿಫೈಯಬಲ್ ಕ್ರೆಡೆನ್ಷಿಯಲ್ ಮಾದರಿಯೊಳಗೇ ಬಂದುಬಿಟ್ಟಿತು. ಸಹಿ ಫೈಲಿನೊಳಗೇ ಇರುತ್ತದೆ. ಹಾಗಾಗಿ ಕೊಟ್ಟವರ ಪುಟ ಇಲ್ಲದಿದ್ದರೂ ಫೈಲ್ ತನ್ನ ಕಾಲ ಮೇಲೆ ನಿಲ್ಲಬಲ್ಲದು, ಕೀ ಸಿಗುವವರೆಗೆ. ಸಿಎಲ್‌ಆರ್, ಅಂದರೆ ಕಾಂಪ್ರಹೆನ್ಸಿವ್ ಲರ್ನರ್ ರೆಕಾರ್ಡ್, 1ಎಡ್‌ಟೆಕ್‌ನದೇ ಇನ್ನೊಂದು ಮಾದರಿ. ಹಲವು ಸಾಧನೆಗಳು, ಅವುಗಳ ನಡುವಿನ ಸಂಬಂಧ, ಎಲ್ಲ ಒಂದೇ ಕಟ್ಟಿನಲ್ಲಿ. ಯುರೋಪಿನಲ್ಲಿ ಓದಿದವರು ಯುರೋಪಿಯನ್ ಒಕ್ಕೂಟದ ಯುರೋಪಾಸ್ ವೇದಿಕೆಯ ಮೂಲಕ ಬಂದ ಡಿಜಿಟಲ್ ಕ್ರೆಡೆನ್ಷಿಯಲ್ ಕಳಿಸಬಹುದು. ಅದರ ವ್ಯವಸ್ಥೆ 2021ರಿಂದ ಇದೆ.

ಇವುಗಳ ಜೊತೆ ಕ್ರೆಡೆನ್ಷಿಯಲ್ ಎಂಜಿನ್ ಎಂಬ ಹೆಸರು ಬಂದರೆ ಗಲಿಬಿಲಿ ಬೇಡ. ಅವರು ಇಟ್ಟಿರುವುದು ಕೋರ್ಸುಗಳ, ಸರ್ಟಿಫಿಕೇಟುಗಳ ವಿವರಣೆ. ಯಾರು ಪಾಸಾದರು ಎಂಬ ಪಟ್ಟಿಯಲ್ಲ.

ಫೈಲ್ ತೆರೆದು ಓದುವ ಕ್ರಮ

ನಿಮ್ಮ ದಾಖಲೆಯನ್ನು ಕಳಿಸುವ ಮುಂಚೆ ಒಮ್ಮೆ ನೀವೇ ನಾನು ಓದುವಂತೆ ಓದಿ. ಜೆಸನ್ ಫೈಲನ್ನು ಯಾವ ಟೆಕ್ಸ್ಟ್ ಎಡಿಟರ್‌ನಲ್ಲಾದರೂ ತೆರೆಯಬಹುದು. ಹೆದರಬೇಡಿ, ಪ್ರೋಗ್ರಾಮಿಂಗ್ ಬರಬೇಕಿಲ್ಲ.

ನಾನು ಮೊದಲು ನೋಡುವುದು ಇಶ್ಯೂಯರ್ ಎಂಬ ಸಾಲು. ಅಲ್ಲಿ ಹೆಸರಿನ ಜೊತೆ ಒಂದು ಐಡಿ ಇರುತ್ತದೆ. ಅದು ಡಿಐಡಿ ಎಂದು ಶುರುವಾಗಿದ್ದರೆ ಡಿಸೆಂಟ್ರಲೈಸ್ಡ್ ಐಡೆಂಟಿಫೈಯರ್, ಅಂದರೆ ಒಂದೇ ಕೇಂದ್ರದ ಹಂಗಿಲ್ಲದ ಗುರುತು, ಎಂದರ್ಥ. ಡಬ್ಲ್ಯು3ಸಿ ಅದಕ್ಕೆ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ಡಿಐಡಿ ನಂತರ ವೆಬ್ ಎಂದಿದ್ದರೆ ಅದರ ಹಿಂದೆಯೇ ಒಂದು ವೆಬ್‌ಸೈಟ್ ವಿಳಾಸ ಇರುತ್ತದೆ. ಆ ವಿಳಾಸ ನಿಜವಾಗಿಯೂ ಆ ಸಂಸ್ಥೆಯದ್ದೇ? ಒಂದಕ್ಷರ ಹೆಚ್ಚುಕಮ್ಮಿ ಇರುವ ನಕಲಿ ವಿಳಾಸವೇ? ಹೆಸರನ್ನು ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ವಿಳಾಸದಲ್ಲಿ ಆ ಆಟ ನಡೆಯುವುದಿಲ್ಲ. ಡಿಐಡಿ ನಂತರ ಕೀ ಎಂದಿದ್ದರೆ ಪಬ್ಲಿಕ್ ಕೀ ಆ ಐಡಿಯೊಳಗೇ ಇದೆ. ವೆಬ್‌ಸೈಟ್ ಮುಚ್ಚಿದರೂ ಸಹಿ ಪರೀಕ್ಷೆಗೆ ತೊಂದರೆಯಿಲ್ಲ, ಆದರೆ ಆ ಕೀ ಯಾರದ್ದು ಎಂದು ಬೇರೆ ಕಡೆಯಿಂದ ತಿಳಿದುಕೊಳ್ಳಬೇಕು. ವೆಬ್ ವಿಧಾನದಲ್ಲಿ ಉಲ್ಟಾ: ಯಾರದ್ದು ಎಂದು ಸುಲಭವಾಗಿ ಗೊತ್ತಾಗುತ್ತದೆ, ಆದರೆ ಸಂಸ್ಥೆ ಡೊಮೇನ್ ನವೀಕರಿಸದೆ ಬಿಟ್ಟರೆ ಕೀ ಸಿಗುವುದಿಲ್ಲ. ಬಾಗಿಲು ಹಾಕಿದ ಸಂಸ್ಥೆಯ ಸರ್ಟಿಫಿಕೇಟ್ ಅಲ್ಲಿಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಆಮೇಲೆ ಅಚೀವ್‌ಮೆಂಟ್. ಇದರ ಕೆಳಗೆ ಕ್ರೈಟೀರಿಯಾ ಎಂಬ ಭಾಗ ಇರುತ್ತದೆ. ಇದನ್ನು ಪಡೆಯಲು ಏನು ಮಾಡಬೇಕಿತ್ತು ಎಂದು ಅಲ್ಲಿ ಬರೆದಿರುತ್ತಾರೆ. "ಕೋರ್ಸ್ ಪೂರ್ಣಗೊಳಿಸಿದವರಿಗೆ" ಎಂದಷ್ಟೇ ಇದ್ದರೆ ವಿಡಿಯೋ ಕೊನೆವರೆಗೂ ಓಡಿಸಿದವರಿಗೂ ಸಿಕ್ಕಿರಬಹುದು, ಅಲ್ವಾ? "ಪರೀಕ್ಷಕರ ಮುಂದೆ ಮೂರು ಬಗೆಯ ಜೋಡಣೆ ಬೆಸೆದು ತೋರಿಸಬೇಕು" ಎಂದಿದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಎವಿಡೆನ್ಸ್ ಎಂಬುದು ನೀವು ಮಾಡಿದ ಕೆಲಸದ ಪುರಾವೆ: ಫೋಟೋ, ವರದಿ, ಪ್ರಾಜೆಕ್ಟ್ ಲಿಂಕ್. ಇದ್ದರೆ ಲಿಂಕ್ ಇನ್ನೂ ತೆರೆಯುತ್ತದೆಯಾ ನೋಡಿಕೊಳ್ಳಿ. ಅಲೈನ್‌ಮೆಂಟ್ ಎಂಬುದು ಈ ಸಾಧನೆಯನ್ನು ಯಾವುದೋ ಒಪ್ಪಿತ ಕೌಶಲ ಪಟ್ಟಿಗೆ ಜೋಡಿಸುತ್ತದೆ. ಜೋಡಿಸಿದ್ದು ಇಶ್ಯೂಯರೇ ಆದ್ದರಿಂದ ನಾನು ಅದಕ್ಕೆ ಅರ್ಧ ಬೆಲೆ ಮಾತ್ರ ಕೊಡುತ್ತೇನೆ.

ತಾರೀಖು: ವೆರಿಫೈಯಬಲ್ ಕ್ರೆಡೆನ್ಷಿಯಲ್ 2.0 ಮಾದರಿಯಲ್ಲಿ ವ್ಯಾಲಿಡ್ ಫ್ರಮ್, ವ್ಯಾಲಿಡ್ ಅಂಟಿಲ್. ಎರಡನೆಯದು ಇಲ್ಲದಿದ್ದರೆ ಅವಧಿ ಮುಗಿಯುವುದಿಲ್ಲ ಎಂದರ್ಥ.

ಸ್ಟೇಟಸ್ ಎಂಬ ಸಾಲು ಇದ್ದರೆ ದಾಖಲೆ ರದ್ದಾಗಿದೆಯಾ ಎಂದು ತಿಳಿಯಲು ಎಲ್ಲಿ ನೋಡಬೇಕೆಂದು ಅದು ಹೇಳುತ್ತದೆ. ಇದಕ್ಕೆ ಬಳಸುವ ಬಿಟ್‌ಸ್ಟ್ರಿಂಗ್ ಸ್ಟೇಟಸ್ ಲಿಸ್ಟ್ ನನಗೆ ತುಂಬಾ ಇಷ್ಟವಾದ ಉಪಾಯ. ಕನಿಷ್ಠ 1,31,072 ಸೊನ್ನೆ-ಒಂದುಗಳ ಉದ್ದನೆಯ ಸಾಲು. ನಿಮ್ಮ ದಾಖಲೆಗೆ ಅದರಲ್ಲಿ ಒಂದು ಜಾಗ. ಸೊನ್ನೆ ಇದ್ದರೆ ಸರಿ, ಒಂದು ಇದ್ದರೆ ರದ್ದು. ನಾನು ಇಡೀ ಸಾಲನ್ನು ಇಳಿಸಿಕೊಂಡು ನೋಡುತ್ತೇನೆ. ಹಾಗಾಗಿ ನಾನು ನೋಡಿದ್ದು ಯಾರ ದಾಖಲೆ ಎಂದು ಕೊಟ್ಟ ಸಂಸ್ಥೆಗೆ ಗೊತ್ತಾಗುವುದಿಲ್ಲ. ನೀವು ಬೇರೆ ಕೆಲಸ ಹುಡುಕುತ್ತಿರುವುದು ನಿಮ್ಮ ಈಗಿನ ಕಂಪನಿಗೆ ತಿಳಿಯಬಾರದು ತಾನೇ? ಅದಕ್ಕೇ ಇದು. ರಿವೊಕೇಶನ್ ಎಂದರೆ ಶಾಶ್ವತವಾಗಿ ರದ್ದು, ಸಸ್ಪೆನ್ಷನ್ ಎಂದರೆ ಸದ್ಯಕ್ಕೆ ತಡೆ.

ಪ್ರೂಫ್ ಎಂಬ ಭಾಗವನ್ನು ನೀವು ಓದಬೇಕಿಲ್ಲ, ಅದು ಸಹಿ. ಆದರೆ ಫೈಲಿನಲ್ಲಿ ಒಂದು ಅಕ್ಷರ ತಿದ್ದಿದರೂ ಸಹಿ ಮುರಿಯುತ್ತದೆ ಎಂಬುದು ನೆನಪಿರಲಿ. ಹೆಸರಿನ ಕಾಗುಣಿತ ತಪ್ಪಿದೆ ಎಂದು ತಾವೇ ಸರಿ ಮಾಡಿ ಕಳಿಸಿದವರ ದಾಖಲೆ ನನ್ನ ಪರದೆಯ ಮೇಲೆ ನಕಲಿ ಎಂದೇ ಕಾಣುತ್ತದೆ. ಒಂದು ಸಂಗತಿ ಗೊತ್ತಿರಲಿ: ಕೆಲವು ದಾಖಲೆಗಳು ಜೆಡಬ್ಲ್ಯುಟಿ ಎಂಬ ರೂಪದಲ್ಲಿ ಬರುತ್ತವೆ. ಆಗ ಫೈಲ್ ತೆರೆದರೆ ಅರ್ಥವಾಗದ ಒಂದೇ ಉದ್ದನೆಯ ಸಾಲು ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ದಾಖಲೆ ಇಡುವ ವ್ಯಾಲೆಟ್ ಆ್ಯಪ್‌ನಲ್ಲಿ ತೆರೆದು ನೋಡಿ.

ಹಸಿರು ಟಿಕ್ ಬಗ್ಗೆ

ಅರ್ಜಿಯಲ್ಲಿರುವ ಲಿಂಕ್ ಒತ್ತಿದರೆ ಒಂದು ಪುಟ ತೆರೆದು "ವೆರಿಫೈಡ್" ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಆ ಪುಟ ಯಾರದ್ದು? ನಕಲಿ ಸರ್ಟಿಫಿಕೇಟ್ ಮಾಡುವವರಿಗೆ ನಕಲಿ ಪುಟ ಮಾಡುವುದು ಏನು ಕಷ್ಟ? ಅದಕ್ಕೇ ನಾನು ಅಭ್ಯರ್ಥಿ ಕೊಟ್ಟ ಲಿಂಕಿನಲ್ಲಿ ಪರೀಕ್ಷಿಸುವುದಿಲ್ಲ. ಫೈಲ್ ಕೇಳಿ ಪಡೆದು, ನನಗೆ ಗೊತ್ತಿರುವ ಪರೀಕ್ಷಾ ಸಾಧನಕ್ಕೆ ಹಾಕುತ್ತೇನೆ. ಹಲವು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಡಿಜಿಟಲ್ ಕ್ರೆಡೆನ್ಷಿಯಲ್ಸ್ ಕನ್ಸಾರ್ಟಿಯಂ ಹೊರತಂದಿರುವ ವೆರಿಫೈಯರ್‌ಪ್ಲಸ್ ಅಂಥದ್ದೊಂದು. ಹಾಗಾಗಿ ಯಾರಾದರೂ "ಲಿಂಕ್ ಬೇಡ, ಫೈಲ್ ಕಳಿಸಿ" ಎಂದರೆ ಬೇಸರ ಮಾಡಿಕೊಳ್ಳಬೇಡಿ.

ಸಾಧನ ಹೇಳುವುದು ಇಷ್ಟು: ಸಹಿ ಸರಿ, ತಿದ್ದಿಲ್ಲ, ಅವಧಿ ಮುಗಿದಿಲ್ಲ, ರದ್ದಾಗಿಲ್ಲ. ಇದು ವೆರಿಫಿಕೇಶನ್. ಈ ದಾಖಲೆ ನಮ್ಮ ಕೆಲಸಕ್ಕೆ ಸಾಕೇ, ಕೊಟ್ಟವರಿಗೆ ಅದನ್ನು ಕೊಡುವ ಯೋಗ್ಯತೆ ಇದೆಯೇ ಎಂದು ನಿರ್ಧರಿಸುವುದು ವ್ಯಾಲಿಡೇಶನ್. ಅದು ಮನುಷ್ಯರ ಕೆಲಸ. ಸಹಿ ಅಪ್ಪಟವಾಗಿರುವ ಕೆಲಸಕ್ಕೆ ಬಾರದ ಸರ್ಟಿಫಿಕೇಟ್‌ಗಳು ದಂಡಿಯಾಗಿವೆ.

ಎಲ್ಲಿ ಇಡಬೇಕು, ಹೇಗೆ ಕಳಿಸಬೇಕು

ದಾಖಲೆಗಳನ್ನು ಇಡುವ ಆ್ಯಪ್‌ಗೆ ವ್ಯಾಲೆಟ್ ಎನ್ನುತ್ತಾರೆ. ಅದೇ ಕನ್ಸಾರ್ಟಿಯಂ ರೂಪಿಸಿದ ಲರ್ನರ್ ಕ್ರೆಡೆನ್ಷಿಯಲ್ ವ್ಯಾಲೆಟ್ ಮುಕ್ತ ತಂತ್ರಾಂಶ. ಬೇರೆಯವೂ ಇವೆ. ಆರಿಸುವಾಗ ಬಣ್ಣ ನೋಡಬೇಡಿ. ದಾಖಲೆಯನ್ನು ಮೂಲ ರೂಪದಲ್ಲೇ ಹೊರಗೆ ತೆಗೆಯಲು ಬಿಡುತ್ತದೆಯಾ, ಬ್ಯಾಕಪ್ ಇದೆಯಾ, ಇವೆರಡು ಸಾಕು. ನಿಮ್ಮ ಗುರುತಿನ ಪ್ರೈವೇಟ್ ಕೀ ಆ ವ್ಯಾಲೆಟ್‌ನಲ್ಲೇ ಇರುತ್ತದೆ. ಫೋನ್ ಕಳೆದು ಬ್ಯಾಕಪ್ ಇಲ್ಲದಿದ್ದರೆ ದಾಖಲೆಯ ಪ್ರತಿ ಬೇರೆ ಕಡೆ ಸಿಕ್ಕರೂ ಅದು ನಿಮ್ಮದೇ ಎಂದು ತೋರಿಸುವ ಕೀ ಹೋಗಿರುತ್ತದೆ.

ಆ ಕೀ ಕೆಲಸಕ್ಕೆ ಬರುವುದು ಪ್ರೆಸೆಂಟೇಶನ್, ಅಂದರೆ ದಾಖಲೆಯನ್ನು ವೆರಿಫೈಯರ್‌ಗೆ ತೋರಿಸುವ, ಸಮಯದಲ್ಲಿ. ನಾನು ಒಂದು ಹೊಸ ಸಂಖ್ಯೆಯನ್ನು ಸವಾಲಾಗಿ ಕಳಿಸುತ್ತೇನೆ. ನಿಮ್ಮ ವ್ಯಾಲೆಟ್ ದಾಖಲೆಯ ಜೊತೆ ಆ ಸಂಖ್ಯೆಯನ್ನೂ ಸೇರಿಸಿ ನಿಮ್ಮ ಕೀಯಿಂದ ಸಹಿ ಮಾಡಿ ಕಳಿಸುತ್ತದೆ. ಆಗ ಯಾರದೋ ಫೈಲನ್ನು ಕದ್ದು ಕಳಿಸಿಲ್ಲ ಎಂದು ಗೊತ್ತಾಗುತ್ತದೆ. ಸುಮ್ನೆ ಇಮೇಲ್‌ಗೆ ಅಂಟಿಸಿದ ಫೈಲಿಗೆ ಈ ಬಲ ಇಲ್ಲ.

ಸೆಲೆಕ್ಟಿವ್ ಡಿಸ್‌ಕ್ಲೋಷರ್ ಎಂದರೆ ದಾಖಲೆಯ ಬೇಕಾದ ಭಾಗ ಮಾತ್ರ ತೋರಿಸುವುದು. ಪಾಸಾದದ್ದು ತೋರಿಸಿ, ಹುಟ್ಟಿದ ದಿನ ಮುಚ್ಚಿಡಬಹುದು. ಆದರೆ ದಾಖಲೆ ಕೊಡುವಾಗಲೇ ಇಶ್ಯೂಯರ್ ಅದಕ್ಕೆ ತಕ್ಕ ಸಹಿ ವಿಧಾನ ಬಳಸಿರಬೇಕು. ಎಸ್‌ಡಿ-ಜೆಡಬ್ಲ್ಯುಟಿ, ಬಿಬಿಎಸ್ ಎಂಬ ಹೆಸರುಗಳು ಕಂಡರೆ ಅವೇ. ಇಲ್ಲದಿದ್ದರೆ ಎಲ್ಲವೂ ಕಾಣುತ್ತದೆ, ಇಲ್ಲವೇ ಏನೂ ಇಲ್ಲ.

ಕೆಲಸದ ದಾಖಲೆ ಕೇಳುವವರಿಗೆ

ಕಲಿಕೆಯ ಕಡೆ ಎಲ್ಲ ತಕ್ಕಮಟ್ಟಿಗೆ ಸರಿಯಾಗಿದೆ. ಉದ್ಯೋಗದ ಕಡೆ ಇನ್ನೂ ಬಿಕೋ ಎನ್ನುತ್ತದೆ. ಎಚ್ಆರ್ ಓಪನ್ ಸ್ಟ್ಯಾಂಡರ್ಡ್ಸ್ ಎಂಬ ಒಕ್ಕೂಟ ರೆಸ್ಯೂಮೆಗಾಗಿಯೇ ಎಲ್‌ಇಆರ್-ಆರ್‌ಎಸ್ ಎಂಬ ಮಾದರಿ ಮಾಡಿದೆ. ಅದರಲ್ಲಿ ನೀವೇ ಬರೆದ ಸಾಲುಗಳೂ ಸಹಿ ಇರುವ ದಾಖಲೆಗಳೂ ಒಟ್ಟಿಗೆ ಕೂರಬಹುದು. ಆದರೆ ಕೆಲಸ ಕೊಟ್ಟವರು ಸಹಿ ಹಾಕಲು ಹಿಂಜರಿಯುತ್ತಾರೆ. ಹುದ್ದೆ ಮತ್ತು ತಾರೀಖು ಬಿಟ್ಟು ಬೇರೇನೂ ಬರೆದುಕೊಡುವುದಿಲ್ಲ. ನಾಳೆ ಏನಾದರೂ ತಕರಾರು ಬಂದರೆ ಎಂಬ ಭಯ.

ಆದ್ದರಿಂದ ಕೇಳುವ ರೀತಿ ಮುಖ್ಯ. ರಾಜೀನಾಮೆ ಕೊಟ್ಟ ಮೇಲಲ್ಲ, ಕೆಲಸದಲ್ಲಿ ಇರುವಾಗಲೇ ಕೇಳಿ. ಎಲ್ಲವನ್ನೂ ಒಂದೇ ದಾಖಲೆಯಲ್ಲಿ ಹಾಕಿಸಿಕೊಳ್ಳಬೇಡಿ. ಹುದ್ದೆ ಮತ್ತು ಅವಧಿಗೆ ಒಂದು, ಕಂಪನಿಯೊಳಗೆ ಪಡೆದ ತರಬೇತಿಗೆ ಇನ್ನೊಂದು, ಸಂಬಳಕ್ಕೆ ಬೇಕಾದರೆ ಮತ್ತೊಂದು. ಸಂಬಳ ಒಳಗಿರುವ ದಾಖಲೆಯನ್ನು ನನಗೆ ಕಳಿಸಿದರೆ ನಾನು ಅದನ್ನು ನೋಡದೆ ಇರಲಾರೆ, ಅಲ್ಲವೇ? ಬಡ್ತಿ ಸಿಕ್ಕಾಗಲೆಲ್ಲ ಹೊಸದು ಪಡೆಯಿರಿ. ಕೊನೆಗೆ ಒಂದೇ ಹುದ್ದೆ ಕಾಣುವ ದಾಖಲೆ ನಿಮ್ಮ ಏಳಿಗೆಯನ್ನು ಹೇಳುವುದಿಲ್ಲ.

ತಪ್ಪು ಕಂಡರೆ ತಿದ್ದುವುದು ಎಂಬುದೇ ಇಲ್ಲಿ ಇಲ್ಲ. ಹೊಸ ದಾಖಲೆ ಕೊಡುತ್ತಾರೆ, ಹಳೆಯದನ್ನು ರದ್ದು ಮಾಡುತ್ತಾರೆ. ಮದುವೆಯ ನಂತರವೋ ಬೇರೆ ಕಾರಣಕ್ಕೋ ಹೆಸರು ಬದಲಾದವರಿಗೂ ಇದೇ ದಾರಿ. ಇಶ್ಯೂಯರ್‌ಗೆ ಬರೆಯುವಾಗ ಫೈಲಿನ ಮೇಲ್ಭಾಗದಲ್ಲಿ ದಾಖಲೆಯ ಐಡಿ ಇದ್ದರೆ ಅದನ್ನು ನಕಲಿಸಿ ಹಾಕಿ. "ನನ್ನ ಸರ್ಟಿಫಿಕೇಟ್" ಎಂದಷ್ಟೇ ಬರೆದರೆ ಅವರೂ ಹುಡುಕಬೇಕು, ನೀವೂ ಕಾಯಬೇಕು. ಹೊಸದು ಬಂದು ಸಾಧನದಲ್ಲಿ ಸರಿಯಾಗಿ ತೋರಿದ ಮೇಲೆ ಮಾತ್ರ ಹಳೆಯದನ್ನು ರದ್ದು ಮಾಡಿ ಎಂದು ಹೇಳಿ. ಮೊದಲೇ ಎಲ್ಲಾದರೂ ಹಳೆಯದನ್ನು ಕಳಿಸಿದ್ದರೆ ಅವರಿಗೂ ಹೊಸ ಫೈಲ್ ಕಳಿಸಿಬಿಡಿ. ಇಲ್ಲದಿದ್ದರೆ ಅವರ ಪರದೆಯಲ್ಲಿ ರದ್ದು ಎಂದು ಕಾಣುತ್ತದೆ, ಏಕೆ ಎಂದು ಕಾಣುವುದಿಲ್ಲ.